ಬ್ಯಾಟರಿ ಕಟ್ಟಿ ಬೆಳ್ಳಿ ನೀರು ಮಾಡಿದ್ದು: ಒಂದು ತಿಂಗಳ ನೋಟ್‌ಬುಕ್

ಮೊದಲೇ ಹೇಳಿಬಿಡುತ್ತೇನೆ. ಈ ನೀರನ್ನು ನಮ್ಮ ಮನೆಯಲ್ಲಿ ಯಾರೂ ಕುಡಿದಿಲ್ಲ. ಕುಡಿಯುವುದಕ್ಕೆ ಅಂತ ಇದನ್ನು ಮಾಡುವವರು ಮಾರ್ಚ್ 16ರ ಭಾಗವನ್ನು ಮೊದಲು ಓದಿ, ಆಮೇಲೆ ಬೇಕಾದರೆ ಇಲ್ಲಿಗೆ ಬನ್ನಿ.

ಶುರುವಾಗಿದ್ದು ದೊಡ್ಡಪ್ಪನಿಂದ. ಅವರಿಗೆ 71 ವರ್ಷ. ಚಳಿಗಾಲ ಪೂರ್ತಿ ಕೆಮ್ಮು. ಫೋನಿನಲ್ಲಿ ಯಾರೋ ಕಳಿಸಿದ ವೀಡಿಯೊ ತಂದು ತೋರಿಸಿದರು. ಒಂದು ಗಾಜಿನ ಲೋಟ, ಎರಡು ಬೆಳ್ಳಿ ತಂತಿ, ಮೂರು ಬ್ಯಾಟರಿ. ದಿನಾ ಎರಡು ಚಮಚ ಕುಡಿದರೆ ಕೆಮ್ಮಿನಿಂದ ಹಿಡಿದು ಮಂಡಿನೋವಿನ ತನಕ ಎಲ್ಲ ವಾಸಿಯಂತೆ.

"ನೀನು ಇನ್ವರ್ಟರ್ ರಿಪೇರಿ ಮಾಡ್ತೀಯಲ್ಲ, ಇದೇನು ಮಹಾ, ಮಾಡ್ಕೊಡೋ" ಅಂದರು.

ನಾನು ಶಿವಮೊಗ್ಗದಲ್ಲಿ ಯುಪಿಎಸ್, ಇನ್ವರ್ಟರ್ ಸರ್ವಿಸ್ ಮಾಡುವವನು. ಬ್ಯಾಟರಿ, ಮೀಟರ್, ಬ್ಯಾಟರಿ ವಾಟರ್ ಎಲ್ಲ ಕೈಗೆಟುಕುವಷ್ಟು ದೂರದಲ್ಲೇ ಇವೆ. ಕುಡಿಸುವ ಯೋಚನೆ ನನಗೆ ಇರಲಿಲ್ಲ. ಆದರೆ ಮಾಡಿ ನೋಡುವ ಚಪಲ ಇತ್ತು. "ಮಾಡ್ತೀನಿ ದೊಡ್ಡಪ್ಪ, ಆದ್ರೆ ನಾನು ಹೂಂ ಅನ್ನೋ ತನಕ ನೀವು ಬಾಯಿಗಿಡೋ ಹಾಗಿಲ್ಲ" ಅಂತ ಮಾತು ತಗೊಂಡು ಶುರು ಮಾಡಿದೆ.

ಮಾರ್ಚ್ 2, 2025, ಭಾನುವಾರ: ಸಾಮಾನು

9 ವೋಲ್ಟಿನ ಚೌಕ ಬ್ಯಾಟರಿ ಮೂರು, ಒಂದಕ್ಕೆ 30 ರೂ. ಅದರ ತಲೆಗೆ ಹಾಕುವ ಕ್ಲಿಪ್ ಮೂರು, ತಲಾ 10 ರೂ. ಎರಡು ಕ್ರೊಕೊಡೈಲ್ ಕ್ಲಿಪ್, ವೈರ್ ಸಮೇತ 20 ರೂ. ನೀರಿನಲ್ಲಿ ಕರಗಿದ ಉಪ್ಪಿನಂಶವನ್ನು ಅಂದಾಜು ಮಾಡುವ, ಪೆನ್ನಿನ ಗಾತ್ರದ ಟಿಡಿಎಸ್ ಮೀಟರ್ 250 ರೂ.; ಅಂಕಿ ಕಡಿಮೆ ಬಂದಷ್ಟೂ ನೀರು ಚೊಕ್ಕ. ಮಲ್ಟಿಮೀಟರ್ ನನ್ನದೇ, ಹಳದಿ ಬಣ್ಣದ ಅಗ್ಗದ್ದು.

ಮೂರು ಬ್ಯಾಟರಿ ಒಂದರ ಹಿಂದೊಂದು ಸರಣಿಯಲ್ಲಿ ಕಟ್ಟಿದೆ. ಲೆಕ್ಕಕ್ಕೆ 27 ವೋಲ್ಟ್. ಹೊಸ ಬ್ಯಾಟರಿ ಆದ್ದರಿಂದ ಮೀಟರಿನಲ್ಲಿ 28.3 ಬಂತು. ನನ್ನ ಜೊತೆ ಕೆಲಸ ಮಾಡುವ ಹುಡುಗ "ಅಣ್ಣಾ, ಹಳೇ ಅಡಾಪ್ಟರ್ ಇದೆ, ಪ್ಲಗ್ಗಿಗೇ ಹಾಕೋಣ" ಅಂದ. ಬೇಡ ಅಂದೆ. ತೆರೆದ ಲೋಟದ ನೀರು, ಬರಿಗೈಯಲ್ಲಿ ಮುಟ್ಟುವ ತಂತಿ. ಇಂಥ ಕಡೆ ಒಳಗೆ ಏನು ಹಾಳಾಗಿದೆಯೋ ಗೊತ್ತಿಲ್ಲದ ಅಡಾಪ್ಟರ್ ಯಾಕೆ?

ಮನೆಯಿಂದ ಉದ್ದನೆಯ ಗಾಜಿನ ಲೋಟ ಒಂದು ತಂದೆ, 300 ಮಿ.ಲೀ. ಹಿಡಿಯುವಂಥದ್ದು. ಅದು ಅಡುಗೆಮನೆಗೆ ವಾಪಸ್ ಹೋಗಲಿಲ್ಲ. ಹೋಗಬಾರದು ಕೂಡ.

ಬೆಳ್ಳಿ ಮಾತ್ರ ಉಳಿಯಿತು. ಅಲ್ಲೇ ನಾನು ಜಿಪುಣತನ ಮಾಡಿದ್ದು.

ಮಾರ್ಚ್ 4, ಮಂಗಳವಾರ: ಗೆಜ್ಜೆ ಕತ್ತರಿಸಿದ ತಪ್ಪು

ಹೆಂಡತಿಯ ಹಳೇ ಕಾಲುಗೆಜ್ಜೆ ಒಂದು ಕೊಂಡಿ ಕಿತ್ತುಹೋಗಿ ಡಬ್ಬಿಯಲ್ಲಿ ಬಿದ್ದಿತ್ತು. ಬೆಳ್ಳಿ ಬೆಳ್ಳಿಯೇ ಅಲ್ವಾ ಅಂತ ಅದರಿಂದ ಎರಡು ತುಂಡು ಕತ್ತರಿಸಿದೆ. ಕೇಳದೆ ಕತ್ತರಿಸಿದೆ. ಆ ವಿಷಯ ಕೊನೆಯಲ್ಲಿ ಮತ್ತೆ ಬರುತ್ತದೆ.

ಲೋಟಕ್ಕೆ ನಮ್ಮ ಮನೆಯ ಫಿಲ್ಟರ್ ನೀರು ಹಾಕಿದೆ. ಟಿಡಿಎಸ್ 46. ಎರಡು ತುಂಡು ಇಳಿಬಿಟ್ಟು ಬ್ಯಾಟರಿ ಕೊಟ್ಟೆ. ಎರಡು ನಿಮಿಷವೂ ಆಗಲಿಲ್ಲ, ಪ್ಲಸ್ ಕಡೆಯಿಂದ ಬಿಳಿ ಹೊಗೆಯಂಥದ್ದು ಇಳಿಯತೊಡಗಿತು. ಅಕ್ಕಿ ತೊಳೆದ ನೀರಿನ ಬಣ್ಣ. ಹತ್ತು ನಿಮಿಷಕ್ಕೆ ಗೆಜ್ಜೆಯ ಕೊಂಡಿಗಳ ಸಂದಿಯಲ್ಲಿ ಹಸಿರು ಪಾಚಿಯಂಥದ್ದು ಕಂಡಿತು. ವೀಡಿಯೊದಲ್ಲಿ ಹೀಗೇನೂ ಇರಲಿಲ್ಲ.

ಇಲ್ಲಿ ನನ್ನ ಪೆದ್ದುತನ ಏನೆಂದರೆ, ನೀರೂ ತಪ್ಪು, ಬೆಳ್ಳಿಯೂ ತಪ್ಪು, ಎರಡನ್ನೂ ಒಟ್ಟಿಗೇ ಮಾಡಿದ್ದೆ. ಯಾವುದರಿಂದ ಏನಾಯಿತು ಅಂತ ಹೇಳುವ ಹಾಗೇ ಇರಲಿಲ್ಲ. ಇನ್ವರ್ಟರ್ ಬೋರ್ಡಿನಲ್ಲಿ ಎರಡು ಪಾರ್ಟ್ ಒಟ್ಟಿಗೆ ಬದಲಾಯಿಸಬೇಡ ಅಂತ ಹುಡುಗನಿಗೆ ನಾನೇ ಬೈಯುತ್ತೇನೆ.

ಮಾರ್ಚ್ 5, ಬುಧವಾರ: ನೀರು ಮಾತ್ರ ಬದಲಿಸಿ ಮತ್ತೆ

ಗೆಜ್ಜೆ ತುಂಡು ಅವೇ, ನೀರು ಮಾತ್ರ ಬ್ಯಾಟರಿ ವಾಟರ್. ಇನ್ವರ್ಟರ್ ಬ್ಯಾಟರಿಗೆ ಹಾಕುವ ಅದೇ ನೀರು, 5 ಲೀಟರ್ ಕ್ಯಾನ್ 100 ರೂ.

ಒಂದು ಎಚ್ಚರಿಕೆ. ಅಂಗಡಿಯಲ್ಲಿದ್ದ ಮೊದಲ ಕ್ಯಾನಿನ ಟಿಡಿಎಸ್ 14 ಬಂತು. ಎರಡನೇ ಕಂಪನಿಯದ್ದು 1. ಲೇಬಲ್ ಎರಡರ ಮೇಲೂ ಒಂದೇ ಥರ ಇತ್ತು. ಮೀಟರ್ ಜೇಬಿನಲ್ಲಿ ಇಟ್ಟುಕೊಂಡೇ ಹೋಗಿ. ಹಾಗೇ, ಇದು ಬ್ಯಾಟರಿಗೆ ಹಾಕುವ ನೀರು, ಕುಡಿಯುವ ನೀರಿನ ಚೊಕ್ಕತನ ಇದಕ್ಕೆ ಇರಬೇಕೆಂದಿಲ್ಲ.

ಈ ಸಲ ಬಿಳಿ ಹೊಗೆ ಬರಲೇ ಇಲ್ಲ. ಹಸಿರು ಮಾತ್ರ ಬಂತು, ಮುಕ್ಕಾಲು ಗಂಟೆ ಆದಮೇಲೆ. ಸರಿ, ಬಿಳಿ ಆಗಿದ್ದು ನೀರಿನಲ್ಲಿದ್ದ ಉಪ್ಪಿನಿಂದ. ಬೆಳ್ಳಿಗೆ ಕ್ಲೋರೈಡ್ ಸಿಕ್ಕರೆ ನೀರಿನಲ್ಲಿ ಕರಗದ ಬಿಳಿ ಪುಡಿ ಆಗುತ್ತದೆ. ಹಸಿರು ಬಂದಿದ್ದು ಗೆಜ್ಜೆಯಲ್ಲಿದ್ದ ತಾಮ್ರದಿಂದ. ಒಡವೆ ಬೆಳ್ಳಿಗೆ ಗಟ್ಟಿ ಬರಲಿ ಅಂತ ತಾಮ್ರ ಬೆರೆಸಿರುತ್ತಾರೆ, ಮೇಲೆ ಕೊಂಡಿಗಳಿಗೆ ಬೆಸುಗೆ ಬೇರೆ. ಬ್ಯಾಟರಿ ಕಟ್ಟಿದಾಗ ಅದೂ ನೀರಿಗೆ ಇಳಿಯುತ್ತದೆ. ಹಳೇ ನಾಣ್ಯ, ದೀಪ, ಉಡಿದಾರ, ಕುಂಕುಮದ ಬಟ್ಟಲು ಯಾವುದೂ ಈ ಕೆಲಸಕ್ಕೆ ಆಗುವುದಿಲ್ಲ.

ಮಾರ್ಚ್ 8, ಶನಿವಾರ: ಗಟ್ಟಿ ಬೆಳ್ಳಿ

ಗಾಂಧಿ ಬಜಾರಿನ ಆಚೆಗೆ ಗಲ್ಲಿಯಲ್ಲಿ ಕೂತು ಕೆಲಸ ಮಾಡುವ ಆಚಾರ್ರೊಬ್ಬರು ನನಗೆ ಪರಿಚಯ. ಅವರ ಅಂಗಡಿಯ ಯುಪಿಎಸ್ ನಾನೇ ನೋಡಿಕೊಳ್ಳುವುದು. ಏನೂ ಬೆರೆಸದ ಗಟ್ಟಿ ಬೆಳ್ಳಿಯಲ್ಲಿ 2 ಮಿ.ಮೀ. ದಪ್ಪದ ತಂತಿ, 15 ಸೆಂ.ಮೀ. ಉದ್ದದ್ದು ಎರಡು ಬೇಕು ಅಂದೆ.

"ಇದಕ್ಕೆ ಏನೂ ಸೇರಿಸ್ದೇ ಇದ್ರೆ ಮೇಣದ ಥರ ಬಗ್ಗುತ್ತೆ ಸಾರ್, ಏನ್ಮಾಡ್ತೀರಿ?"

"ನೀರಲ್ಲಿ ಕರಗಿಸ್ತೀನಿ."

ನನ್ನ ಮುಖ ನೋಡಿದರು. ಇನ್ನೇನೂ ಕೇಳಲಿಲ್ಲ. ಸಣ್ಣ ಗಟ್ಟಿ ಕಾಸಿ, ಬಡಿದು, ತೂತುಗಳಿರುವ ಉಕ್ಕಿನ ಪಟ್ಟಿಯಲ್ಲಿ ತೂರಿಸಿ ಎಳೆದರು. ಒಂದೊಂದು ತೂತಿಗೆ ಒಂದೊಂದು ಸಲ, ಪ್ರತಿ ಸಲ ತಂತಿ ಒಂದಿಷ್ಟು ತೆಳುವಾಗಿ ಒಂದಿಷ್ಟು ಉದ್ದವಾಗುತ್ತದೆ. ನೋಡುತ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ.

ಎರಡೂ ಸೇರಿ ತಕ್ಕಡಿಯಲ್ಲಿ 9.92 ಗ್ರಾಂ. ಗ್ರಾಮಿಗೆ 100 ರೂ. ಲೆಕ್ಕದಲ್ಲಿ 992, ಮಜೂರಿ 150. ತೂಕವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಈ ಇಡೀ ಕೆಲಸದಲ್ಲಿ ನಾನು ಮಾಡಿದ ಒಂದೇ ಬುದ್ಧಿವಂತಿಕೆ ಅದು.

ಮಾರ್ಚ್ 9, ಭಾನುವಾರ: ಕೆಟ್ಟ ಓಟ

ಲೋಟದ ಬಾಯಿಗೆ ಪ್ಲಾಸ್ಟಿಕ್ ಮುಚ್ಚಳ. ಅದರಲ್ಲಿ 4 ಸೆಂ.ಮೀ. ಅಂತರಕ್ಕೆ ಎರಡು ತೂತು, ತಂತಿ ನೇರ ಇಳಿಬಿಡಲು. ನೀರಿನೊಳಗೆ ಸುಮಾರು 9 ಸೆಂ.ಮೀ. ಮುಳುಗಿತ್ತು. ಕ್ರೊಕೊಡೈಲ್ ಕ್ಲಿಪ್ ನೀರಿಗೆ ತಾಗಬಾರದು, ತಾಗಿದರೆ ಅದರ ಲೋಹವೂ ಇಳಿಯುತ್ತದೆ.

ಬೆಳಿಗ್ಗೆ 9:40ಕ್ಕೆ ಶುರು. ಮೀಟರ್ ಮಧ್ಯೆ ಸೇರಿಸಿ ನೋಡಿದರೆ 0.48 ಮಿಲಿ ಆಂಪಿಯರ್. ಇಷ್ಟೇನಾ ಅನ್ನಿಸಿತು. ಹತ್ತು ನಿಮಿಷ ಕಣ್ಣಿಗೆ ಏನೂ ಕಾಣಿಸಲಿಲ್ಲ. ಮೈನಸ್ ತಂತಿಯ ಮೇಲೆ ಸಾಸಿವೆಗಿಂತ ಸಣ್ಣ ಗುಳ್ಳೆ, ಅಷ್ಟೇ. ಆಗ ಫೋನ್ ಬಂತು. ಒಂದು ಕಡೆ ಯುಪಿಎಸ್ ಕೂಗಿಕೊಳ್ಳುತ್ತಿದೆ, ತಕ್ಷಣ ಬನ್ನಿ ಅಂತ. ಅರ್ಧ ಗಂಟೆಯಲ್ಲಿ ಬರುತ್ತೇನೆ, ಇಷ್ಟು ಸಣ್ಣ ಕರೆಂಟು ಏನು ಮಾಡೀತು ಅಂತ ಹಾಗೇ ಬಿಟ್ಟು ಹೋದೆ.

ವಾಪಸ್ ಬಂದಾಗ ಮಧ್ಯಾಹ್ನ 1:50. ನಾಲ್ಕು ಗಂಟೆ ಹತ್ತು ನಿಮಿಷ.

ಲೋಟದಲ್ಲಿ ಬೂದಿ ಕಲಸಿದಂಥ ನೀರು. ಪ್ಲಸ್ ತಂತಿ ಕರ್ರಗೆ, ಮಸಿ ಹಿಡಿದ ಹಾಗೆ. ಮೈನಸ್ ತಂತಿಗೆ ಬೂದು ಬಣ್ಣದ ಹೊಸ ಕೂದಲು, ಪ್ಲಸ್ ಕಡೆಗೇ ಬೆಳೆಯುತ್ತಾ ಹೋಗಿ ಒಂದು ಕಡೆ ಜೇಡರ ಎಳೆಯ ಹಾಗೆ ಅರ್ಧ ದಾರಿ ದಾಟಿತ್ತು. ತಳದಲ್ಲಿ ಕಪ್ಪು ಗಸಿ. ಮೀಟರಿನಲ್ಲಿ 11.4 ಮಿಲಿ ಆಂಪಿಯರ್. ಬಿಟ್ಟು ಹೋದಾಗ ಅರ್ಧ, ಬಂದಾಗ ಅದರ ಇಪ್ಪತ್ತು ಪಟ್ಟಿಗೂ ಜಾಸ್ತಿ.

ಯಾಕೆ ಅಂತ ಆಮೇಲೆ ಹೊಳೆಯಿತು. ಶುರುವಿನಲ್ಲಿ ನೀರು ಚೊಕ್ಕ, ಕರೆಂಟು ಹರಿಯುವುದೇ ಕಷ್ಟ. ಬೆಳ್ಳಿ ಇಳಿದಷ್ಟೂ ನೀರು ಕರೆಂಟಿಗೆ ದಾರಿ ಬಿಡುತ್ತದೆ. ದಾರಿ ಬಿಟ್ಟಷ್ಟೂ ಬೆಳ್ಳಿ ಇನ್ನೂ ಬೇಗ ಇಳಿಯುತ್ತದೆ. ತಡೆಯುವವರು ಯಾರೂ ಇಲ್ಲ. ಬ್ಯಾಟರಿ ಚಾರ್ಜಿಂಗ್‌ನಲ್ಲಿ ಕರೆಂಟ್ ಲಿಮಿಟ್ ಇಲ್ಲದೆ ನಾನು ಒಂದು ದಿನವೂ ಕೆಲಸ ಮಾಡಿಲ್ಲ. ಇಲ್ಲಿ ಮಾತ್ರ ವೀಡಿಯೊ ನಂಬಿಕೊಂಡು ನೇರ ಕಟ್ಟಿದ್ದೆ.

ಇನ್ನೊಂದು ತಪ್ಪು: ಆವತ್ತೇ ತಂತಿ ತೊಳೆದು ತೂಕ ಹಾಕಿಸಬೇಕಿತ್ತು. ಸುಮ್ನೆ ಬಿಟ್ಟೆ.

ಲೋಟ ಎತ್ತುವಾಗ ಒಂದಿಷ್ಟು ಟೇಬಲ್ ಮೇಲೆ ಚೆಲ್ಲಿತು. ಹಳೇ ಬನಿಯನ್ ಚಿಂದಿಯಲ್ಲಿ ಒರೆಸಿ, ಹಿಂಡದೆ ಹಾಗೇ ತಾರಸಿಯ ಹಗ್ಗಕ್ಕೆ ಹಾಕಿದೆ. ಸಂಜೆ ತೆಗೆಯಲು ಹೋದರೆ ಬಿಳಿ ಬನಿಯನ್ ಮೇಲೆ ಕಂದು-ಬೂದು ಕಲೆ. ಸೋಪು ಹಾಕಿ ಉಜ್ಜಿದೆ, ಹೋಗಲಿಲ್ಲ. ಬ್ಲೀಚಿಂಗ್ ಪುಡಿ ಹಾಕಿದೆ, ಹೋಗಲಿಲ್ಲ. ಚಿಂದಿಯನ್ನು ಎಸೆಯದೆ ಎತ್ತಿಟ್ಟೆ.

ಮಾರ್ಚ್ 12, ಬುಧವಾರ: ರಿಪೇರಿ

ತಂತಿಗಳನ್ನು ಒಣ ಸ್ಕ್ರಬ್ಬರಿನಲ್ಲಿ ಉಜ್ಜಿದೆ. ಮಸಿ, ಕೂದಲು ಎಲ್ಲ ಕಾಗದದ ಮೇಲೆ ಉದುರಿತು. ಅದನ್ನೂ ಗಸಿಯ ಡಬ್ಬಿಗೆ ಹಾಕಿದೆ. ಪಾತ್ರೆ ಸೋಪು, ಹುಣಸೆಹಣ್ಣು, ಉಪ್ಪು ಬಳಸಬೇಡಿ. ತಂತಿಯ ಮೇಲೆ ಉಳಿದ ಚೂರು ಉಪ್ಪೂ ಮುಂದಿನ ಸಲ ನೀರನ್ನು ಬೆಳ್ಳಗೆ ಮಾಡುತ್ತದೆ.

ಬದಲಾವಣೆ ಮೂರು. ಒಂದು, ಬ್ಯಾಟರಿ ಸಾಲಿಗೆ 22 ಕಿಲೋ ಓಮ್ ರೆಸಿಸ್ಟರ್, 2 ರೂ. ಎರಡು ತಂತಿ ಒಂದಕ್ಕೊಂದು ತಾಗಿಬಿಟ್ಟರೂ ಈಗ ಕರೆಂಟು 1.3 ಮಿಲಿ ಆಂಪಿಯರ್ ದಾಟುವುದಿಲ್ಲ. ಎರಡು ಸಾವಿರ ರೂಪಾಯಿ ಹತ್ತಿರದ ಕೆಲಸ, ಸರಿ ಮಾಡಿದ್ದು ಎರಡು ರೂಪಾಯಿ. ಎರಡು, ಪ್ಲಸ್ ಮೈನಸ್ ಅದಲು ಬದಲು ಮಾಡುವ ಆರು ಕಾಲಿನ ಸ್ವಿಚ್, 25 ರೂ. ಹದಿನೈದು ನಿಮಿಷಕ್ಕೊಮ್ಮೆ ತಿರುಗಿಸಿದರೆ ಒಂದೇ ತಂತಿ ಸವೆಯುವುದಿಲ್ಲ, ಕೂದಲೂ ಬೆಳೆಯುವುದಿಲ್ಲ. ಮೂರು, ಕಲಕುವುದು. ಹಳೇ ಕಂಪ್ಯೂಟರ್ ಫ್ಯಾನಿಗೆ ಅಯಸ್ಕಾಂತ ಅಂಟಿಸಿ ತನ್ನಷ್ಟಕ್ಕೇ ಕಲಕುವ ಹಾಗೆ ಮಾಡಲು ಹೋಗಿ ಒಂದು ಸಂಜೆ ಹಾಳಾಯಿತು. ಫ್ಯಾನ್ ಅದುರಿ ಲೋಟ ಟೇಬಲ್ ಅಂಚಿಗೆ ನಡೆದುಕೊಂಡು ಬರುತ್ತಿತ್ತು. ಕೊನೆಗೆ ಗಾಜಿನ ಕಡ್ಡಿಯಲ್ಲಿ ಕೈಯಿಂದಲೇ, ಸ್ವಿಚ್ ತಿರುಗಿಸುವಾಗೆಲ್ಲ ಒಂದು ಸಲ. ಸಾಕು.

ಬ್ಯಾಟರಿ ಮೂರೂ ಹೊಸವು. ಕೆಟ್ಟ ಓಟದಲ್ಲಿ ಹಳೆಯವು ಇಳಿದಿದ್ದವು. ಇನ್ನೊಂದು 90 ರೂ.

ಮಾರ್ಚ್ 15, ಶನಿವಾರ: ಸರಿಯಾದ ಓಟ

ಈ ಸಲ ಫೋನ್ ಬೇರೆ ಕೋಣೆಯಲ್ಲಿಟ್ಟೆ. ನೀರು 300 ಮಿ.ಲೀ., ಟಿಡಿಎಸ್ 1. ನೋಟ್‌ಬುಕ್ಕಿನಲ್ಲಿ ಇರುವುದು ಇಷ್ಟು, ಎಲ್ಲ ಮಿಲಿ ಆಂಪಿಯರ್:

ಶುರು: 0.35
15 ನಿಮಿಷ: 0.42
30 ನಿಮಿಷ: 0.55
45 ನಿಮಿಷ: 0.66
60 ನಿಮಿಷ: 0.75
75 ನಿಮಿಷ: 0.81
90 ನಿಮಿಷ: 0.86, ಆಫ್

ಏರಿಕೆ ಇದೆ, ಆದರೆ ಲಗಾಮು ಹಾಕಿದ ಏರಿಕೆ. ನೀರು ನೋಡಲು ಶುರುವಿನಲ್ಲಿ ಇದ್ದ ಹಾಗೇ, ತಿಳಿ. ಏನೂ ಆಗಿಲ್ಲ ಅನ್ನಿಸುವಷ್ಟು ತಿಳಿ. ಮಗನ ಆಟದ ಕೆಂಪು ಲೇಸರ್ ತಂದು ಲೋಟದ ಪಕ್ಕದಿಂದ ಬಿಟ್ಟೆ. ಬೆಳಕಿನ ಗೆರೆ ಒಳಗೆ ಕಾಣಿಸಿತು, ಊದುಬತ್ತಿ ಹೊಗೆಯಲ್ಲಿ ಬಿಸಿಲುಕೋಲು ಕಾಣುವ ಹಾಗೆ. ಬರೀ ಬ್ಯಾಟರಿ ವಾಟರಿನಲ್ಲಿ ಬಿಟ್ಟಾಗ ಗೆರೆ ಇರಲೇ ಇಲ್ಲ ಅನ್ನಬಹುದು. ಅಂದರೆ ತೇಲುವ ಕಣಗಳು ಇವೆ. ಮಗ ಲೇಸರ್ ವಾಪಸ್ ಕೊಡಲು ಹೇಳುವ ತನಕ ನಾನೂ ಅವನೂ ಅದನ್ನೇ ಆಡುತ್ತಿದ್ದೆವು.

ಈಗ ಎಷ್ಟು ಬೆಳ್ಳಿ ಇಳಿಯಿತು? ಟಿಡಿಎಸ್ ಮೀಟರ್ 6 ತೋರಿಸಿತು. ಇದನ್ನೇ "6 ಪಿಪಿಎಂ ಬೆಳ್ಳಿ", ಅಂದರೆ ಲೀಟರಿಗೆ 6 ಮಿ.ಗ್ರಾಂ. ಬೆಳ್ಳಿ, ಅಂತ ಓದುವವರು ತುಂಬ ಜನ. ಅದು ತಪ್ಪು. ಆ ಮೀಟರ್ ಬೆಳ್ಳಿಯನ್ನು ಎಣಿಸುವುದಿಲ್ಲ. ನೀರಿನಲ್ಲಿ ಕರೆಂಟು ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ನೋಡಿ, ಉಪ್ಪಿನ ಲೆಕ್ಕದಲ್ಲಿ ಒಂದು ಅಂಕಿ ಹೇಳುತ್ತದೆ. ತೇಲುವ ಕಣ ಅದಕ್ಕೆ ಕಾಣುವುದೇ ಇಲ್ಲ.

ನಂಬಬಹುದಾದ್ದು ಕರೆಂಟಿನ ಲೆಕ್ಕ. ವಿಜ್ಞಾನಿ ಫ್ಯಾರಡೆ ಹೇಳಿಹೋದ ಲೆಕ್ಕ ಅದು, ಒಂದು ಮಿಲಿ ಆಂಪಿಯರ್ ಒಂದು ಗಂಟೆ ಹರಿದರೆ ಸುಮಾರು 4 ಮಿ.ಗ್ರಾಂ. ಬೆಳ್ಳಿ ಇಳಿಯುತ್ತದೆ. ಮೇಲಿನ ಅಂಕಿಗಳಲ್ಲಿ ಒಂದೊಂದು ಕಾಲು ಗಂಟೆಯ ಸರಾಸರಿ ಹಿಡಿದು ಕೂಡಿದರೆ 0.95 ಮಿಲಿ ಆಂಪಿಯರ್-ಗಂಟೆ ಆಗುತ್ತದೆ. ಅಂದರೆ 3.8 ಮಿ.ಗ್ರಾಂ. ಬೆಳ್ಳಿ, 300 ಮಿ.ಲೀ. ನೀರಿನಲ್ಲಿ. ಲೀಟರಿಗೆ ಹೆಚ್ಚೆಂದರೆ 13 ಮಿ.ಗ್ರಾಂ. ಹೆಚ್ಚೆಂದರೆ ಅಂದಿದ್ದು ಯಾಕೆಂದರೆ ಒಂದಿಷ್ಟು ಇನ್ನೊಂದು ತಂತಿಗೇ ಹೋಗಿ ಕೂರುತ್ತದೆ.

ಮಾರ್ಚ್ 16, ಭಾನುವಾರ: ಉಪ್ಪು, ಬಿಸಿಲು, ದೊಡ್ಡಪ್ಪ

ತಿಳಿ ನೀರಿನಲ್ಲಿ ಕಾಲು ಲೋಟ ಬೇರೆ ತೆಗೆದು ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿದೆ. ಹಿಂದೆ ಕಪ್ಪು ಕಾಗದ ಹಿಡಿದು ನೋಡಿದರೆ ತೆಳ್ಳನೆ ಹಾಲಿನ ಛಾಯೆ. ಅಂದರೆ ಇದರಲ್ಲಿ ಕರಗಿದ ಬೆಳ್ಳಿ ಸಾಕಷ್ಟಿದೆ. "ಕೊಲಾಯ್ಡಲ್", ಅಂದರೆ ಕರಗದೆ ತೇಲುವ ಸಣ್ಣ ಕಣಗಳದ್ದು, ಅಂತ ಹೆಸರಿಟ್ಟರೂ ಈ ಬ್ಯಾಟರಿ ವಿಧಾನದಲ್ಲಿ ಬರುವುದು ಬಹುಪಾಲು ಕರಗಿದ ಬೆಳ್ಳಿಯೇ, ಕಣಗಳು ಅದರ ಜೊತೆಗೆ ಒಂದಿಷ್ಟು. ನಮ್ಮ ಹೊಟ್ಟೆಯಲ್ಲಿ ಇರುವುದೂ ಹೈಡ್ರೋಕ್ಲೋರಿಕ್ ಆಸಿಡ್, ಅದರಲ್ಲೂ ಕ್ಲೋರೈಡ್ ಇದೆ. ಲೋಟದಲ್ಲಿ ನಡೆದಿದ್ದಕ್ಕೆ ಬೇಕಾದ್ದು ಅಲ್ಲೂ ಇದೆ.

ಆಮೇಲೆ ಚಿಂದಿಯ ಪ್ರಯೋಗ. ಕೆಟ್ಟ ಓಟದ ಬೂದು ನೀರನ್ನು ಒಂದು ಡಬ್ಬಿಯಲ್ಲಿ ಇಟ್ಟಿದ್ದೆ. ಬಿಳಿ ಪಂಚೆಯ ತುಂಡನ್ನು ಉಪ್ಪುನೀರಿನಲ್ಲಿ ಅದ್ದಿ ಒಣಗಿಸಿ, ಈ ನೀರಿನಲ್ಲಿ ಅದ್ದಿದೆ. ಅರ್ಧಕ್ಕೆ ದಪ್ಪ ಕಪ್ಪು ಕಾಗದ ಸುತ್ತಿ, ಇನ್ನರ್ಧ ತೆರೆದು, ತಾರಸಿಯಲ್ಲಿ ಇಟ್ಟೆ. ಮಾರ್ಚ್ ತಿಂಗಳ ಶಿವಮೊಗ್ಗದ ಬಿಸಿಲು. ಒಂದೂವರೆ ಗಂಟೆಗೆ ತೆರೆದ ಅರ್ಧ ನೇರಳೆ ಬೆರೆತ ಬೂದು ಬಣ್ಣಕ್ಕೆ ತಿರುಗಿತ್ತು. ಕಾಗದ ಬಿಚ್ಚಿದರೆ ಒಳಗಿನ ಅರ್ಧ ಮಾಸಲು ಬಿಳಿ. ನಡುವೆ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ.

ಸಂಜೆ ದೊಡ್ಡಪ್ಪ ಬಂದರು. ಬಾಟಲಿ ಎಲ್ಲಿ ಅಂತಲೇ ಮೊದಲ ಮಾತು. ನಾನು ಪಂಚೆ ತುಂಡು ಕೈಗೆ ಕೊಟ್ಟೆ.

"ಇದೇನೋ?"

"ನಿಮ್ಮ ಔಷಧಿ ದೊಡ್ಡಪ್ಪ. ಬಿಸಿಲು ಬಿದ್ದಲ್ಲಿ ಹೀಗಾಗುತ್ತೆ. ತೊಳೆದ್ರೆ ಹೋಗಲ್ಲ."

ಬೆಳ್ಳಿಯನ್ನು ವರ್ಷಗಟ್ಟಲೆ ಕುಡಿದವರ ಚರ್ಮದೊಳಗೆ ಅದು ಕೂತು, ಬಿಸಿಲು ಬೀಳುವ ಮುಖ, ಕೈ ಬೂದು-ನೀಲಿ ಬಣ್ಣಕ್ಕೆ ತಿರುಗುವುದಕ್ಕೆ ಆರ್ಜೀರಿಯಾ ಅಂತ ಹೆಸರು. ಕುಡಿಯುವುದು ನಿಲ್ಲಿಸಿದರೂ ಬಣ್ಣ ಹೋಗುವುದಿಲ್ಲ. ಅಮೆರಿಕದ ಪಾಲ್ ಕ್ಯಾರಸನ್ ಅವರ ಫೋಟೊ ತೋರಿಸಿದೆ. ಬಿಳಿ ಗಡ್ಡ, ನೀಲಿ ಮುಖ. 2013ರಲ್ಲಿ ತೀರಿಕೊಂಡರು, ಅಲ್ಲಿಯ ತನಕ ಅದೇ ಬಣ್ಣ. ಮೊಂಟಾನಾ ರಾಜ್ಯದ ಸ್ಟ್ಯಾನ್ ಜೋನ್ಸ್ ಅನ್ನುವ ರಾಜಕಾರಣಿಯದ್ದು ಇನ್ನೂ ನಮಗೆ ಹತ್ತಿರದ ಕಥೆ. 2000ನೇ ಇಸವಿ ಬಂದ ಕೂಡಲೇ ಕಂಪ್ಯೂಟರ್ ಕೆಟ್ಟು ಔಷಧಿಯೇ ಸಿಗದೆ ಹೋದರೆ ಏನು ಗತಿ ಅಂತ ಮನೆಯಲ್ಲೇ ಬೆಳ್ಳಿ ನೀರು ಮಾಡಿ ಕುಡಿದರು. 2002ರಲ್ಲಿ ಸೆನೆಟ್ ಚುನಾವಣೆಗೆ ನಿಂತಾಗ ಸುದ್ದಿಯಾಗಿದ್ದು ಅವರ ಮುಖದ ಬಣ್ಣ. ಅಮೆರಿಕದ ಔಷಧ ಇಲಾಖೆ ಎಫ್‌ಡಿಎ 1999ರಲ್ಲೇ ಹೇಳಿಬಿಟ್ಟಿದೆ, ಹೀಗೆ ಚೀಟಿ ಇಲ್ಲದೆ ಮಾರುವ ಕೊಲಾಯ್ಡಲ್ ಬೆಳ್ಳಿ ಯಾವ ಕಾಯಿಲೆಗೂ ಸುರಕ್ಷಿತ, ಪರಿಣಾಮಕಾರಿ ಅಂತ ಒಪ್ಪಲು ಆಗುವುದಿಲ್ಲ ಅಂತ.

ದೊಡ್ಡಪ್ಪ ಅಷ್ಟಕ್ಕೆ ಬಿಡುವವರಲ್ಲ. "ಹಾಗಾದ್ರೆ ನಿನಗೆ ಬೆಳ್ಳಿ ಒಳಲೆಯಲ್ಲಿ ಹಾಲು ಹಾಕಿ ಸಾಕಿದ್ದು? ನೀನೇನು ನೀಲಿ ಆದ್ಯಾ?"

ಒಳ್ಳೇ ಪ್ರಶ್ನೆ. ಒಳಲೆಗೆ ಯಾರೂ ಬ್ಯಾಟರಿ ಕಟ್ಟಿರಲಿಲ್ಲ ಅಂದೆ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಐಎಸ್ 10500ರಲ್ಲಿ ಬೆಳ್ಳಿಗೆ ಮಿತಿ ಲೀಟರಿಗೆ 0.1 ಮಿ.ಗ್ರಾಂ. ನಾನು ಹುಷಾರಾಗಿ, ರೆಸಿಸ್ಟರ್ ಹಾಕಿ, ಗಡಿಯಾರ ನೋಡಿಕೊಂಡು ಮಾಡಿದ ತಿಳಿ ನೀರಿನಲ್ಲೇ ಅದರ ನೂರು ಪಟ್ಟು ಮೀರಿ ಇದೆ. ಬೆಳ್ಳಿ ಕೀಟಾಣು ಕೊಲ್ಲುತ್ತದೆ ಅನ್ನುವುದು ಸುಳ್ಳಲ್ಲ. ಸುಟ್ಟ ಗಾಯಕ್ಕೆ ಡಾಕ್ಟರು ಬರೆದುಕೊಡುವ ಬಿಳಿ ಮುಲಾಮಿನಲ್ಲಿ ಬೆಳ್ಳಿ ಇದೆ. ಮಧ್ಯ ಅಮೆರಿಕದಲ್ಲಿ ಮಣ್ಣಿನ ಕುಂಡದ ವಾಟರ್ ಫಿಲ್ಟರ್‌ಗಳಿಗೆ ಇದೇ ಕೊಲಾಯ್ಡಲ್ ಬೆಳ್ಳಿ ಬಳಿಯುತ್ತಾರೆ. ಅದು ಮಡಕೆಗೆ ಬಳಿಯುವುದು, ಹೊಟ್ಟೆಗೆ ಹಾಕುವುದಲ್ಲ.

ಅವರು ಪಂಚೆ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ತಲೆ ಸವರಿಕೊಂಡು, "ಕೂದಲಿಗಾದ್ರೂ ಹಚ್ಬಹುದಾ? ಕಪ್ಪಾಗುತ್ತಲ್ಲ" ಅಂದರು. ಹಿಂದೆ ಬೆಳ್ಳಿಯ ಲವಣದಿಂದ ಕೂದಲಿಗೆ ಬಣ್ಣ ಮಾಡುತ್ತಿದ್ದುದು ನಿಜವೇ. ಆದರೆ ಕೂದಲಿನ ಜೊತೆ ಹಣೆಯೂ ಕಪ್ಪಾಗುತ್ತೆ ಅಂದಮೇಲೆ ಬಿಟ್ಟರು. ಕೆಮ್ಮಿಗೆ ಮಾರನೇ ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಮಾರ್ಚ್ 23, ಭಾನುವಾರ: ಉಳಿದದ್ದನ್ನು ಏನು ಮಾಡುವುದು

18 ಮತ್ತು 20ರಂದು ಅದೇ ರೀತಿ ಇನ್ನೆರಡು ಓಟ ಮಾಡಿದ್ದೆ, ಅಂಕಿ ಮತ್ತೆ ಅಷ್ಟೇ ಬರುತ್ತದಾ ನೋಡಲು. ಬಂತು. ಕೊನೆಯ ಕರೆಂಟು 0.84 ಮತ್ತು 0.88. ಅಲ್ಲಿಗೆ ಯಂತ್ರದ ಕೆಲಸ ಮುಗಿಯಿತು.

ಈಗ ಒಂದು ಲೀಟರಿಗೂ ಜಾಸ್ತಿ ಬೆಳ್ಳಿ ನೀರು, ಒಂದು ಡಬ್ಬಿ ಗಸಿ. ಬಚ್ಚಲಿಗೆ ಸುರಿಯೋಣ ಅಂತ ಹೊರಟವನು ನಿಂತೆ. ನಮ್ಮದು ಪಿಟ್. ಅದರೊಳಗೆ ಕೊಳೆಸುವ ಕೆಲಸ ಮಾಡುವುದೇ ಕೀಟಾಣುಗಳು. ಚರಂಡಿಗೆ ಬಿಟ್ಟರೆ ಹೊಳೆಗೆ, ಹೊಳೆಯಲ್ಲಿ ಮೀನು. ಬೆಳ್ಳಿ ಮೀನಿಗೆ ತುಂಬ ಕೆಟ್ಟದ್ದು. ಅದಕ್ಕೆ ಎಲ್ಲವನ್ನೂ ಹಳೇ ಅಗಲ ಟ್ರೇಗೆ ಸುರಿದು, ಒಂದು ಚಮಚ ಉಪ್ಪು ಹಾಕಿ, ತಾರಸಿಯಲ್ಲಿ ಸೊಳ್ಳೆ ಪರದೆ ತುಂಡು ಮುಚ್ಚಿ ಬಿಟ್ಟೆ. ಕಾಗೆ ಬಂದು ಕುಡಿಯದಿರಲಿ ಅಂತ ಪರದೆ. ಎರಡೂವರೆ ದಿನಕ್ಕೆ ನೀರೆಲ್ಲ ಆರಿತು. ಉಪ್ಪಿನ ಜೊತೆ ಬೂದು ಪದರ ಉಳಿಯಿತು. ಕೆರೆದು ಡಬ್ಬಿಗೆ ತುಂಬಿ ಮುಚ್ಚಿ ಹೆಸರು ಬರೆದಿಟ್ಟಿದ್ದೇನೆ. ಹೆಂಡತಿ ಇದನ್ನೂ ಇಟ್ಕೋತೀರಾ ಅಂದಳು.

ಖರ್ಚಿನ ಲೆಕ್ಕ: ಬ್ಯಾಟರಿ ಎರಡು ಸೆಟ್ 180, ಬ್ಯಾಟರಿ ಕ್ಲಿಪ್ 30, ಕ್ರೊಕೊಡೈಲ್ 20, ರೆಸಿಸ್ಟರ್ 2, ಸ್ವಿಚ್ 25, ಟಿಡಿಎಸ್ ಮೀಟರ್ 250, ನೀರು 100, ಬೆಳ್ಳಿ ಮಜೂರಿ ಸೇರಿ 1142. ಒಟ್ಟು 1749 ರೂ. ಟಿಡಿಎಸ್ ಮೀಟರ್ ಕೆಲಸಕ್ಕೆ ಬರುತ್ತಿದೆ, ಈಗ ಪ್ರತಿ ಬ್ಯಾಟರಿ ವಾಟರ್ ಕ್ಯಾನನ್ನೂ ನೋಡಿಯೇ ತರುತ್ತೇನೆ.

ಮಾರ್ಚ್ 28, ಶುಕ್ರವಾರ: ತಕ್ಕಡಿ

ಯುಗಾದಿಗೆ ಎರಡು ದಿನ ಇತ್ತು. ಆಚಾರ್ರ ಗಲ್ಲಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ತಂತಿ ಎರಡನ್ನೂ ತಕ್ಕಡಿಗೆ ಇಟ್ಟೆ. 9.86.

ಅಂದರೆ 0.06 ಗ್ರಾಂ, 60 ಮಿ.ಗ್ರಾಂ. ಹೋಗಿದೆ. ಸರಿಯಾದ ಮೂರು ಓಟದ ಲೆಕ್ಕ ನೋಟ್‌ಬುಕ್ಕಿನಲ್ಲಿ ಇದೆ, ಒಟ್ಟು 11 ಮಿ.ಗ್ರಾಂ. ಉಳಿದ ಸುಮಾರು 50 ಮಿ.ಗ್ರಾಂ. ಹೋಗಿದ್ದು ಆ ಒಂದು ಭಾನುವಾರ, ನಾನು ಇಲ್ಲದ ನಾಲ್ಕು ಗಂಟೆಯಲ್ಲಿ. 300 ಮಿ.ಲೀ.ಗೆ 50 ಅಂದರೆ, ಗಸಿ, ಕೂದಲು ಎಲ್ಲ ಸೇರಿ, ಲೀಟರಿಗೆ 160ರ ಮೇಲೆ. ತಕ್ಕಡಿಯ ಕೊನೆ ಅಂಕಿ ಒಂದು ಅತ್ತಿತ್ತ ಆದರೂ ಹತ್ತು ಪಟ್ಟಿನ ವ್ಯತ್ಯಾಸ ಎಲ್ಲಿಗೂ ಹೋಗುವುದಿಲ್ಲ. ಅದೇ ಲೋಟ, ಅದೇ ತಂತಿ, ಅಂಥದೇ ಮೂರು ಬ್ಯಾಟರಿ. ವೀಡಿಯೊದಲ್ಲಿ ಹೇಳಿದ್ದು "ಎರಡು ಚಮಚ" ಅಂತ ಮಾತ್ರ. ಯಾವ ಲೋಟದ ಎರಡು ಚಮಚ ಅಂತ ಹೇಳಿರಲಿಲ್ಲ.

ಆಚಾರ್ರಿಗೆ ಇದನ್ನೆಲ್ಲ ವಿವರಿಸಿದೆ. ಅವರು ತಂತಿಯ ಸವೆದ ಮೈಯನ್ನು ಉಗುರಿನಿಂದ ಮುಟ್ಟಿ ನೋಡಿದರು. "ನಾವು ನೆಲ ಗುಡಿಸಿದ ಕಸಾನೂ ಮಾರ್ತೀವಿ ಸಾರ್, ಅದರಲ್ಲಿರೋ ಚೂರಿಗೋಸ್ಕರ. ನೀವು ದುಡ್ಡು ಕೊಟ್ಟು ಕರಗಿಸಿದ್ದೀರಿ" ಅಂದರು.

ಆಮೇಲೆ ನಾನು ಜೇಬಿನಿಂದ ಕತ್ತರಿಸಿದ ಗೆಜ್ಜೆ ತೆಗೆದೆ. ಹಸಿರು ಉಜ್ಜಿ ತೆಗೆದಿದ್ದೆ, ಎರಡು ಬೆರಳು ಉದ್ದ ಕಡಿಮೆ ಇತ್ತು. ಈ ತಂತಿಯನ್ನೇ ತಾಮ್ರ ಬೆರೆಸಿ ಕೊಂಡಿ ಮಾಡಿ, ಜೋಡಿ ಗೆಜ್ಜೆಗೆ ಸರಿಯಾಗುವ ಹಾಗೆ ಸೇರಿಸಿಕೊಡಿ ಅಂದೆ. ಮಜೂರಿ 350, ಹಬ್ಬದ ಗಲಾಟೆ ಮುಗಿದ ಮೇಲೆ ಬನ್ನಿ ಅಂದರು. ಹಬ್ಬದ ಮುಂಚೆಯೇ ಬೇಕು, ನನ್ನ ಕಷ್ಟ ನಿಮಗೆ ಗೊತ್ತಿಲ್ಲ ಅಂದೆ. ಶನಿವಾರ ರಾತ್ರಿ ಒಂಬತ್ತಕ್ಕೆ ಕೊಟ್ಟರು.